ನಾಲ್ಕರ ಅರ್ಧವೂ ಎರಡೇ: ಒಂದು ಘಾತಾಂಕದ ಪ್ರಕರಣ

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಕಥೆ ಆಮೇಲೆ.

(8ಅ^6 / 27ಬ^−3)^(−2/3)

ಇದನ್ನು ಸುಲಭ ರೂಪಕ್ಕೆ ತರಬೇಕು. ಪುಸ್ತಕದಲ್ಲಿ ಎಕ್ಸ್, ವೈ ಇದ್ದವು. ನಾನಿಲ್ಲಿ ಅ, ಬ ಎಂದು ಬರೆಯುತ್ತೇನೆ, ಎರಡೂ ಧನ ಸಂಖ್ಯೆಗಳು ಅಂತ ಇಟ್ಟುಕೊಳ್ಳಿ. ^ ಗುರುತಿನ ನಂತರ ಬರುವುದು ಘಾತಾಂಕ, ಅಂದರೆ ತಲೆಯ ಮೇಲೆ ಸಣ್ಣಗೆ ಬರೆಯುತ್ತೇವಲ್ಲ, ಅದು. 27 ಮತ್ತು ಬ^−3 ಎರಡೂ ಛೇದದಲ್ಲಿವೆ.

ಸರಿ ಉತ್ತರ 9 / (4ಅ^4ಬ^2). ನನ್ನ ಹತ್ತಿರ ಟ್ಯೂಶನ್‌ಗೆ ಬರುವ ಒಬ್ಬ ಹುಡುಗಿ ಪರೀಕ್ಷೆಯಲ್ಲಿ ಬರೆದದ್ದು −8ಅ^4 / 27ಬ^2. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ, ಅದರ ಕೆಳಗೆ ‘ಕೇರ್‌ಲೆಸ್’ ಎಂಬ ಷರಾ.

ಆ ಷರಾ ತಪ್ಪು. ಅವಳಷ್ಟು ಜಾಗ್ರತೆಯಿಂದ ಲೆಕ್ಕ ಮಾಡುವ ಮಕ್ಕಳು ನನ್ನ ಹತ್ತಿರ ಕಡಿಮೆ. ಅವಳು ಒಂದು ನಿಯಮ ಹಿಡಿದುಕೊಂಡಿದ್ದಳು, ಅದನ್ನು ಒಂದಿಂಚೂ ಬಿಡದೆ ಪಾಲಿಸಿದ್ದಳು. ನಿಯಮವೇ ತಪ್ಪಾಗಿತ್ತು, ಅಷ್ಟೆ. ಆ ನಿಯಮ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಅರ್ಧ ದಾರಿಯಲ್ಲಿ ನಾನೇ ಸಿಕ್ಕಿಬಿದ್ದೆ.

ನಾನಿರುವುದು ಕಾಸರಗೋಡಿನ ಬದಿಯಡ್ಕ ಕಡೆ. ಹಗಲು ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ, ಸಂಜೆ ಮನೆಯ ಜಗಲಿಯಲ್ಲಿ ಏಳೆಂಟು ಮಕ್ಕಳಿಗೆ ಟ್ಯೂಶನ್. ಈ ಹುಡುಗಿ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಮನೆಯಲ್ಲಿ ತುಳು. ಪ್ಲಸ್ ಒನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ, ಸಯನ್ಸ್ ತೆಗೆದುಕೊಂಡಳು. ಈಗ ಪುಸ್ತಕ ಇಂಗ್ಲಿಷು, ಪಾಠ ಹೇಳುವುದು ಮಲಯಾಳದಲ್ಲಿ, ಸಂಶಯ ಬಂದರೆ ಪಕ್ಕದವಳ ಹತ್ತಿರ ಕೇಳುವುದು ಕನ್ನಡದಲ್ಲಿ. ಸಪ್ತಭಾಷೆಗಳ ಊರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಆ ಹೆಮ್ಮೆಯ ಭಾರವೆಲ್ಲ ಹದಿನಾರು ವರ್ಷದ ಮಕ್ಕಳ ಬೆನ್ನ ಮೇಲಿದೆ. ಅವಳ ಅಪ್ಪ ಮೇಸ್ತ್ರಿ, ಕೆಂಪುಕಲ್ಲಿನ ಗೋಡೆ ಕಟ್ಟುವವರು. ಅಮ್ಮ ಪೇಪರ್ ಹಿಡಿದುಕೊಂಡು ಬಂದು, “ಇವಳಿಗೆ ಗಣಿತ ತಲೆಗೇ ಹೋಗುವುದಿಲ್ಲ ಕಾಣ್ತದೆ ಮಾಷ್ಟ್ರೆ, ಕಾಮರ್ಸಿಗೆ ಬದಲಾಯಿಸುವುದಾ?” ಅಂತ ಕೇಳಿದರು. ಸ್ವಲ್ಪ ದಿನ ತಡೆಯಿರಿ ಅಂದೆ.

ಆಮೇಲೆ ನಾನು ಮಾಡಿದ್ದು ದಂಡ ಕೆಲಸ. ಘಾತಾಂಕದ ಏಳು ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ, ನಲವತ್ತು ಲೆಕ್ಕ ಕೊಟ್ಟೆ, ಬಾಯಿಪಾಠ ಮಾಡು ಅಂದೆ. ಹತ್ತು ದಿನ ಬಿಟ್ಟು ನೋಡಿದರೆ ಮೊದಲಿಗಿಂತ ಜಾಸ್ತಿ ತಪ್ಪು. ಮೊದಲು ಒಂದೇ ತಪ್ಪು ನಿಯಮ ಇತ್ತು, ಈಗ ಅದರ ಜೊತೆ ಏಳು ಸರಿ ನಿಯಮಗಳೂ ಸೇರಿ ಕಲಸುಮೇಲೋಗರ ಆಗಿತ್ತು.

ಹನ್ನೊಂದನೇ ದಿನ ಹಳೆಯ ಉತ್ತರಪತ್ರಿಕೆಯನ್ನೇ ಮತ್ತೆ ತೆಗೆದು, ಗೀಚಿದ ಮೂಲೆಗಳನ್ನೆಲ್ಲ ಓದಿದೆ. ಮೊದಲ ದಿನವೇ ಮಾಡಬೇಕಿತ್ತು. ಮಾರ್ಜಿನ್‌ನಲ್ಲಿ ಸಣ್ಣಗೆ ಹೀಗೆ ಬರೆದುಕೊಂಡಿದ್ದಳು: 8 × −2/3 = −16/3. ಅದರ ಕೆಳಗೆ 27 × −2/3 = −18. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 16/54, ಅಂದರೆ 8/27. ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದ ಮೇಲೆ ಹಳೆಯ 8/27 ತಿರುಗಿ ಬರಲೇಬೇಕು, ಅಲ್ವಾ? ಅದು ಅವಳ ಕಣ್ಣಿಗೆ ಬೀಳಲಿಲ್ಲ. ಅಷ್ಟು ಕಷ್ಟಪಟ್ಟು ಅದೇ ಸಂಖ್ಯೆ ಬಂತಲ್ಲ, ಸರಿ ಇರಬೇಕು ಅಂದುಕೊಂಡಿದ್ದಳಂತೆ.

ಅದೇ ಸಾಲಿನಲ್ಲಿ ಅಕ್ಷರಗಳನ್ನು ನೋಡಿದೆ. ಅ^6 ಇದ್ದದ್ದು ಅ^−4 ಆಗಿದೆ, ಏಕೆಂದರೆ 6 × −2/3 = −4. ಬ^−3 ಇದ್ದದ್ದು ಬ^2 ಆಗಿದೆ. ಎರಡೂ ನೂರಕ್ಕೆ ನೂರು ಸರಿ! ಅದೇ ಕೈ, ಅದೇ ನಿಮಿಷ, ಅದೇ −2/3. ಅಕ್ಷರ ಬಂದಾಗ ಸರಿ, ಸಂಖ್ಯೆ ಬಂದಾಗ ತಪ್ಪು. ಮೈನಸ್ ಘಾತಾಂಕ ತೆಗೆಯಲು ಹೋದಾಗ ಮಾತ್ರ ಅ^−4 ಎಂಬುದು −ಅ^4 ಆಗಿಬಿಟ್ಟಿತ್ತು. ಅದು ಬೇರೆಯೇ ರೋಗ, ಅದಕ್ಕೆ ಆಮೇಲೆ ಬರುತ್ತೇನೆ.

ಅಕ್ಷರದಲ್ಲಿ ಯಾಕೆ ತಪ್ಪಲಿಲ್ಲ? ‘ಅ’ ಎಷ್ಟು ಅಂತ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗುಣಿಸಲು ಕೈ ಹೋಗುವುದಿಲ್ಲ, ನಿಯಮ ಹೇಳಿದ ಹಾಗೆ ಘಾತಾಂಕಗಳನ್ನು ಗುಣಿಸಿ ಸುಮ್ನೆ ಕೂರುತ್ತದೆ. 8 ಎಷ್ಟು ಅಂತ ಗೊತ್ತು. ಗೊತ್ತಿದ್ದ ಕೂಡಲೇ ಕೈ ತುರಿಸುತ್ತದೆ.

ಅವತ್ತು ಪೆನ್ನು ಪುಸ್ತಕ ಬದಿಗಿಟ್ಟು ಬಾಯಲ್ಲೇ ಕೇಳಿದೆ.

“4^(1/2) ಎಷ್ಟು?”

“ಎರಡು.” ಕ್ಷಣವೂ ತಡವಿಲ್ಲ.

“9^(1/2)?”

“ನಾಲ್ಕೂವರೆ.”

“ವರ್ಗಮೂಲ 9?”

“ಮೂರು ಮಾಷ್ಟ್ರೆ.”

ಮೂರೂ ಉತ್ತರ ಒಂದೇ ವೇಗದಲ್ಲಿ, ಒಂದೇ ಧೈರ್ಯದಲ್ಲಿ ಬಂದವು. ನನಗೆ ಕೂತಲ್ಲೇ ಬೆವರಿತು. ಯಾಕೆಂದರೆ ಭಿನ್ನ ಘಾತಾಂಕದ ಪಾಠಕ್ಕೆ ನಾನು ಎಷ್ಟೋ ವರ್ಷಗಳಿಂದ ಕೊಡುವ ಮೊದಲ ಉದಾಹರಣೆ 4^(1/2) = 2. ನಾಲ್ಕರ ವರ್ಗಮೂಲ ಎರಡು. ನಾಲ್ಕರ ಅರ್ಧವೂ ಎರಡೇ! ಸರಿ ನಿಯಮದವರಿಗೂ ತಪ್ಪು ನಿಯಮದವರಿಗೂ ಒಂದೇ ಉತ್ತರ ಕೊಡುವ ಸಂಖ್ಯೆ ಅದು. ನಾನು ಟಿಕ್ ಹಾಕುತ್ತಾ ಬಂದಿದ್ದೆ, ಅವಳ ತಪ್ಪು ನಿಯಮ ಪ್ರತಿ ಟಿಕ್ಕಿಗೂ ಗಟ್ಟಿಯಾಗುತ್ತಾ ಬಂದಿತ್ತು. ನಾಲ್ಕು ಅನ್ನುವುದು ಪಾಠ ಹೇಳಲು ಬಹಳ ಕೆಟ್ಟ ಸಂಖ್ಯೆ ಮಾರಾಯ್ರೆ. 2 + 2 ಅಂದರೂ ಅದೇ, 2 × 2 ಅಂದರೂ ಅದೇ, 2^2 ಅಂದರೂ ಅದೇ.

ಭಾಷೆಯದ್ದೂ ಸ್ವಲ್ಪ ಪಾಲಿದೆ. ಹೊಸ ಕ್ಲಾಸಿನಲ್ಲಿ ಅವಳ ಕಿವಿಗೆ ಬಿದ್ದದ್ದು “ನೈನ್ ಪವರ್ ಹಾಫ್”. ಹಾಫ್ ಅಂದರೆ ಅರ್ಧ ಅಂತ ಯಾರಿಗೆ ಗೊತ್ತಿಲ್ಲ? ಒಂಬತ್ತು, ಅರ್ಧ, ನಾಲ್ಕೂವರೆ. “ರೂಟ್ ನೈನ್” ಎಂಬುದು ಹಳೆಯ ವರ್ಗಮೂಲ ಅಂತ ಅವಳಿಗೆ ಹೊಳೆದಿತ್ತು, ಆದರೆ ರೂಟೂ ಹಾಫೂ ಒಂದೇ ಅಂತ ಯಾರೂ ಕೂರಿಸಿ ಹೇಳಿರಲಿಲ್ಲ. ಕನ್ನಡದ್ದೇನು ಕಡಿಮೆ ತೊಂದರೆಯಲ್ಲ. ಘಾತ ಅಂದರೆ ಏಟು, ಪೆಟ್ಟು. ನಮ್ಮ ಹಳೆಯ ಗಣಿತದಲ್ಲಿ ಗುಣಾಕಾರಕ್ಕೆ ಹನನ, ವಧ ಅಂತಲೂ ಹೆಸರುಗಳಿದ್ದವು. 2^3 ಅಂದರೆ ಎರಡನ್ನು ಮೂರು ಸಲ ಬರೆದು ಗುಣಿಸು ಎಂಬಲ್ಲಿಯ ತನಕ ಇದು ಚೆನ್ನ. ಅವಳು ಕೇಳಿದ್ದು ಅದನ್ನೇ:

“ಅರ್ಧ ಸಲ ಹೇಗೆ ಗುಣಿಸುವುದು ಮಾಷ್ಟ್ರೆ?”

ನ್ಯಾಯವಾದ ಪ್ರಶ್ನೆ. ಮನುಷ್ಯರಿಗೇ ಇದು ತಡವಾಗಿ ಹೊಂದಿಕೊಂಡ ವಿಷಯ. √ ಎಂಬ ಗುರುತು 1525ರಲ್ಲಿ ರುಡಾಲ್ಫ್ ಎಂಬ ಜರ್ಮನ್ ಗಣಿತಗಾರನ ಪುಸ್ತಕದಲ್ಲಿ ಬಂತು. ಅಂಕಿಯನ್ನು ಮೇಲೆ ಸಣ್ಣಗೆ ಬರೆಯುವ ಇವತ್ತಿನ ಪದ್ಧತಿ ಡೆಕಾರ್ಟ್ ಎಂಬ ಫ್ರೆಂಚ್ ಗಣಿತಗಾರನ 1637ರ ಪುಸ್ತಕದಿಂದ ಹರಡಿತು. ಆ ಜಾಗದಲ್ಲಿ ಭಿನ್ನರಾಶಿಯನ್ನೂ ಮೈನಸ್ಸನ್ನೂ ಧೈರ್ಯವಾಗಿ ಕೂರಿಸಿ ನ್ಯೂಟನ್ ಪತ್ರ ಬರೆದದ್ದು 1676ರಲ್ಲಿ. ಒಂದೇ ವಸ್ತುವಿಗೆ ನೂರೈವತ್ತು ವರ್ಷದ ಅಂತರದಲ್ಲಿ ಎರಡು ಅಂಗಿ ಹೊಲಿದರು, ನಾವು ಎರಡನ್ನೂ ಇಟ್ಟುಕೊಂಡೆವು. ಮಕ್ಕಳು ಇಬ್ಬರು ಬೇರೆ ಬೇರೆ ಜನ ಅಂದುಕೊಂಡರೆ ಅವರನ್ನು ಬೈಯುವುದು ಸರಿಯಲ್ಲ.

ಸರಿ, ಅರ್ಧ ಸಲ ಗುಣಿಸುವುದು ಹೇಗೆ? ಅವಳಿಗೆ ಬರುತ್ತಿದ್ದ ಅಕ್ಷರದಿಂದಲೇ ಶುರು ಮಾಡಿದೆ. ಅ^2 × ಅ^3 ಎಷ್ಟು? ಅ^5, ಘಾತಾಂಕ ಕೂಡಿಸಿದರಾಯಿತು. ಹಾಗಾದರೆ ಅ^(1/2) × ಅ^(1/2)? ಅರ್ಧ ಅರ್ಧ ಸೇರಿ ಒಂದು, ಅಂದರೆ ‘ಅ’. ಈಗ ‘ಅ’ ಇರುವಲ್ಲಿ 9 ಹಾಕು. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 9 ಬರಬೇಕು? ನಿನ್ನ ನಾಲ್ಕೂವರೆ ಹಾಕಿ ನೋಡು. ಅವಳು ಹಾಳೆಯಲ್ಲಿ 4.5 × 4.5 ಮಾಡಿದಳು, 20.25 ಬಂತು. ತುಂಬಾ ಹೊತ್ತು ಅದನ್ನೇ ನೋಡಿದಳು. ಆಮೇಲೆ ನಾನು ಕೇಳದೆಯೇ 27^(1/3) ಬರೆದು, ಪಕ್ಕದಲ್ಲಿ 9 ಬರೆದು, ಕೆಳಗೆ 9 × 9 × 9 = 729 ಮಾಡಿ ಹೊಡೆದು ಹಾಕಿ, 3 ಬರೆದಳು.

ಆದರೂ ಬರೀ ಹಾಳೆಯ ಮೇಲೆ ಗೆದ್ದದ್ದು ಬೇಗ ಮರೆತುಹೋಗುತ್ತದೆ. ಅವಳ ಭೌತಶಾಸ್ತ್ರದ ಪುಸ್ತಕದಲ್ಲಿ ಲೋಲಕ ಇತ್ತು: ಒಂದು ಸಲ ಹೋಗಿ ಬರುವ ಸಮಯ = 2π × ಉದ್ದ^(1/2) × ಗುರುತ್ವ^(−1/2). ಅರ್ಧವೂ ಮೈನಸ್ಸೂ ಒಂದೇ ಸೂತ್ರದಲ್ಲಿ. ಜಗಲಿಯ ಜಂತಿಗೆ ನೂಲು ಕಟ್ಟಿ ಅದರ ತುದಿಗೆ ಸುಲಿಯದ ಒಣ ಅಡಿಕೆ ಕಟ್ಟಿದೆವು. ಗಾಳಿಗೆ ಅಡಿಕೆ ತಿರುಗತೊಡಗಿತು. ಅದನ್ನು ಬಿಚ್ಚಿ ಕಪಾಟಿನ ಸಣ್ಣ ಬೀಗ ಕಟ್ಟಿದೆವು, ಅದು ನೆಟ್ಟಗೆ ತೂಗಿತು. ಒಂದು ನೂಲು 11 ಸೆಂಟಿಮೀಟರ್, ಇನ್ನೊಂದು 99, ಬೀಗದ ನಡುವಿನ ತನಕ ಅಳೆದದ್ದು. ಸರಿಯಾಗಿ ಒಂಬತ್ತು ಪಟ್ಟು. ಬೇಕೆಂದೇ ನಾಲ್ಕು ಪಟ್ಟು ತೆಗೆದುಕೊಳ್ಳಲಿಲ್ಲ!

ಮೊದಲು ಊಹೆ ಬರೆಸಿದೆ. ಉದ್ದ ಒಂಬತ್ತು ಪಟ್ಟಾದರೆ ಸಮಯ 9^(1/2) ಪಟ್ಟು. ಅದು ಒಂಬತ್ತರ ಅರ್ಧ ಆಗಿದ್ದರೆ ಉದ್ದದ ನೂಲಿಗೆ ನಾಲ್ಕೂವರೆ ಪಟ್ಟು ಹೊತ್ತು ಬೇಕು. ವರ್ಗಮೂಲ ಸರಿಯಿದ್ದರೆ ಮೂರು ಪಟ್ಟು. ಮೊಬೈಲಿನಲ್ಲಿ ಸಮಯ ಇಟ್ಟು ಎಣಿಸಿದೆವು. ಉದ್ದದ್ದು 20 ಸೆಕೆಂಡಿನಲ್ಲಿ 10 ಸಲ ಹೋಗಿ ಬಂತು. ಗಿಡ್ಡದ್ದನ್ನು ಎಣಿಸುವಾಗ ಅವಳ ಬಾಯಿ ಓಡುತ್ತಿತ್ತು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ಅಷ್ಟರಲ್ಲಿ 20 ಸೆಕೆಂಡ್ ಮುಗಿಯಿತು. ಹತ್ತಕ್ಕೆ ಮೂವತ್ತು. ಮೂರು ಪಟ್ಟು. ನಾಲ್ಕೂವರೆ ಅವತ್ತಿಗೆ ಸತ್ತಿತು.

ಇನ್ನು ಮೈನಸ್ಸಿನ ರೋಗ. 2^−3 ಎಷ್ಟು ಅಂದರೆ −8 ಅನ್ನುತ್ತಿದ್ದಳು. ಮೈನಸ್ ಕಂಡರೆ ಉತ್ತರಕ್ಕೆ ಮೈನಸ್ ಅಂಟಿಸಬೇಕು ಅಂತ ಅವಳ ಲೆಕ್ಕ. ಇದಕ್ಕೆ ಹೊಸ ಮದ್ದೇನೂ ಬೇಡ, ಎಲ್ಲ ಮಾಷ್ಟ್ರುಗಳೂ ಮಾಡುವ ಏಣಿಯೇ ಸಾಕು. ಮೇಲಿಂದ ಕೆಳಗೆ 8, 4, 2 ಬರೆದೆ. ಘಾತಾಂಕ 3, 2, 1. ಮುಂದೆ? ಘಾತಾಂಕ ಸೊನ್ನೆಯಾದರೆ ಉತ್ತರವೂ ಸೊನ್ನೆ ಅಂದಳು. ಪ್ರತಿ ಮೆಟ್ಟಿಲಿಗೂ ಏನಾಗ್ತಾ ಇದೆ ನೋಡು ಅಂದೆ. “ಅರ್ಧ ಆಗ್ತಾ ಇದೆ... ಓ, ಒಂದು.” ಆಮೇಲೆ ತಾನಾಗಿಯೇ 1/2, 1/4, 1/8. ಸೊನ್ನೆಯನ್ನು ದಾಟಲೇ ಇಲ್ಲ, ಋಣಕ್ಕೆ ಇಳಿಯುವ ಮಾತೇ ಇಲ್ಲ.

ಅರ್ಧವನ್ನೂ ಮೈನಸ್ಸನ್ನೂ ಒಟ್ಟಿಗೆ ಮುಟ್ಟಿ ನೋಡಬೇಕಿದ್ದರೆ ಎ4 ಹಾಳೆ ಇದೆ. ಉದ್ದ 297 ಮಿಲಿಮೀಟರ್, ಅಗಲ 210. ಭಾಗಿಸಿದರೆ 1.414, ಅಂದರೆ √2. ಒಂದು ಚದರ ಮೀಟರಿನ ಎ0 ಹಾಳೆಯನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4, ಅಂದರೆ 2^−4, ಹದಿನಾರರಲ್ಲಿ ಒಂದು ಪಾಲು. ಹಾಳೆಯ ವಿಸ್ತೀರ್ಣ ಅರ್ಧಕ್ಕೆ ಇಳಿದಾಗ ಉದ್ದ ಇಳಿಯುವುದು 2^(−1/2) ಪಟ್ಟಿಗೆ, ಸುಮಾರು 0.707. 297ನ್ನು 0.707ರಿಂದ ಗುಣಿಸಿ ನೋಡು ಅಂದೆ. 209.98 ಬಂತು. ಸ್ಕೇಲು ಇಟ್ಟು ಅಗಲ ಅಳೆದಳು, 21 ಸೆಂಟಿಮೀಟರ್. ಘಾತಾಂಕದಲ್ಲಿ ಮೈನಸ್ ಇದೆ, ಕೈಯಲ್ಲಿ ಹಾಳೆ ಇದೆ. ಹಾಳೆ ಸಣ್ಣದಾಗಿದೆ, ಮಾಯವಾಗಿಲ್ಲ.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. 27^(−1/3) ಸರಿಯಾಗಿ 1/3 ಅಂತ ಬರೆದವಳು, ಖಾತ್ರಿ ಮಾಡಿಕೊಳ್ಳಲು ಮೊಬೈಲಿನ ಕ್ಯಾಲ್ಕುಲೇಟರಿಗೆ ಹೋದಳು. “ಮಾಷ್ಟ್ರೆ, ಮೊಬೈಲು ಬೇರೆಯೇ ಉತ್ತರ ಕೊಡ್ತಿದೆ!” 0.012345679. ನೋಡಲು ಎಷ್ಟು ಚಂದ! ಆವರಣ ಹಾಕದೆ 27^−1/3 ಅಂತ ಒತ್ತಿದ್ದಳು. ಯಂತ್ರ ಮೊದಲು 27^−1 ಮಾಡಿ ಆಮೇಲೆ ಮೂರರಿಂದ ಭಾಗಿಸಿತ್ತು, 1/81. ಆವರಣ ಹಾಕಿ ಒತ್ತಿದಾಗ 0.333 ಬಂತು. ಅವಳ ಉತ್ತರ ಸರಿಯಿದ್ದು ಯಂತ್ರಕ್ಕೆ ತಪ್ಪಾಗಿ ಹೇಳಿದ್ದು ಅಂತ ಗೊತ್ತಾದಾಗ ಆ ಮುಖ ನೋಡಬೇಕಿತ್ತು.

ಇಷ್ಟಾದ ಮೇಲೆ ಮೊದಲಿನ ಲೆಕ್ಕಕ್ಕೆ ಬಂದೆವು. ನಾನು ಒಂದೇ ಒಂದು ಮಾತು ಹೇಳಿದೆ. ನಿನಗೆ ಅಕ್ಷರದಲ್ಲಿ ತಪ್ಪುವುದಿಲ್ಲ, ಹಾಗಾಗಿ ಸಂಖ್ಯೆಗಳಿಗೂ ಅಕ್ಷರದ ವೇಷ ಹಾಕು. ಗುಣಿಸಲು ಕೈ ಹೋಗುವ ಮೊದಲೇ 8ನ್ನು 2^3 ಮಾಡು, 27ನ್ನು 3^3 ಮಾಡು. ಈಗ ಆವರಣದ ಒಳಗೆ 2^3, ಅ^6, ಕೆಳಗೆ 3^3, ಬ^−3. ನಾಲ್ಕರ ತಲೆಯ ಮೇಲೂ ಘಾತಾಂಕವಿದೆ, ನಾಲ್ಕನ್ನೂ −2/3ರಿಂದ ಗುಣಿಸು. ಮೇಲೆ 2^−2, ಅ^−4. ಕೆಳಗೆ 3^−2, ಬ^2. ಮೈನಸ್ ಇದ್ದವು ಗೆರೆ ದಾಟಿ ಆಚೆ ಮನೆಗೆ ಹೋಗುತ್ತವೆ: 3^2 ಮೇಲೆ ಬಂತು, 2^2 ಮತ್ತು ಅ^4 ಕೆಳಗೆ ಹೋದವು. 9 / (4ಅ^4ಬ^2). ಎರಡು ನಿಮಿಷವೂ ಆಗಲಿಲ್ಲ. ಏಳು ನಿಯಮಗಳ ಹಾಳೆ ಇಲ್ಲೇ ಇಡು, ಬೇಡ ಅಂದೆ.

ಕರಣಿಗಳಿಗೂ, ಅಂದರೆ √3ರ ಹಾಗೆ ಮೂಲದ ಗುರುತಿನೊಳಗೇ ಉಳಿಯುವ ಸಂಖ್ಯೆಗಳಿಗೂ, ಇದೇ ವೇಷ ಸಾಕಾಯಿತು. √12 + √75 ಕೊಟ್ಟರೆ ಮೊದಲು √87 ಅನ್ನುತ್ತಿದ್ದಳು. ಈಗ 12 = 2^2 × 3, 75 = 5^2 × 3 ಅಂತ ಒಡೆದು 2√3 + 5√3 = 7√3. ಛೇದದಲ್ಲಿರುವ ವರ್ಗಮೂಲವನ್ನು ಅಲ್ಲಿಂದ ಹೊರಗೆ ಹಾಕುವುದು ಯಾಕೆ ಅಂತ ಅವಳು ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಕೂತೆವು. 1/√2 ಇದ್ದರೆ ಏನು ತೊಂದರೆ, √2/2 ಯಾಕೆ ಬೇಕು? 1ನ್ನು 1.41421ರಿಂದ ಕೈಯಲ್ಲಿ ಭಾಗಿಸು ಅಂದೆ. ಮೂರು ಸಾಲಿಗೆ ಸುಸ್ತಾದಳು. ಈಗ 1.41421ನ್ನು 2ರಿಂದ ಭಾಗಿಸು. ಒಂದೇ ಸಾಲು, 0.7071. ಕ್ಯಾಲ್ಕುಲೇಟರ್ ಇಲ್ಲದ ಕಾಲದ ಉಳಿತಾಯ ಅದು, ಈಗ ಬರೀ ಪರೀಕ್ಷೆಯ ಶಿಸ್ತು. ನನ್ನ ಅಭಿಪ್ರಾಯ ಕೇಳಿದರೆ, 1/√2 ಅಂತ ಬಿಟ್ಟವರಿಗೆ ಮಾರ್ಕು ಕಡಿಯುವುದು ಅನ್ಯಾಯ.

ಒಮ್ಮೆ ಧೈರ್ಯ ಬಂದ ಮೇಲೆ ಪ್ರಶ್ನೆಗಳೂ ಬಂದವು. (−4)^(1/2) ಎಷ್ಟು? ಈಗ ಬೇಡ, ಮುಂದಿನ ಪಾಠದಲ್ಲಿ ಬರುತ್ತದೆ ಅಂದೆ. ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರೂ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂದಿದ್ದರು ಅಂತಲೂ ಹೇಳಿದೆ. “ಹಾಗಾದರೆ ನಾನು ಅವರ ಸಾಲಿನಲ್ಲೇ ಇದ್ದೇನೆ” ಅಂದಳು. ಎರಡು ತಿಂಗಳ ಹಿಂದೆ ಬಾಯಿ ಬಿಡದ ಹುಡುಗಿ.

ಎಲ್ಲ ಸರಿಹೋಯಿತು ಅಂತ ಅಲ್ಲ. ಒಂದು ತಪ್ಪು ಇನ್ನೂ ಬಿಟ್ಟಿಲ್ಲ. (ಅ^2 + ಬ^2)^(1/2) ಕಂಡರೆ ಅವಸರದಲ್ಲಿ ಅ + ಬ ಅಂತ ಬರೆದುಬಿಡುತ್ತಾಳೆ. ಗುಣಾಕಾರವಿದ್ದರೆ ಘಾತಾಂಕ ಹಂಚಬಹುದು, ಸಂಕಲನವಿದ್ದರೆ ಹಂಚಬಾರದು ಅಂತ ನಾನು ಎಷ್ಟು ಸಲ ಹೇಳಿದರೂ ಅಷ್ಟೆ. ಕೊನೆಗೆ ಅದನ್ನು ಹೇಳಿಕೊಟ್ಟದ್ದು ಅವಳ ಅಪ್ಪ, ಅದೂ ಗೊತ್ತಿಲ್ಲದೆ. ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದವರ ಹತ್ತಿರ, ಗೋಡೆಯ ಮೂಲೆ ಸರಿ ನಿಲ್ಲಿಸುವುದು ಹೇಗೆ ಅಂತ ಕೇಳಿದೆ. ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಮಾಡಿ, ಓರೆಗೆ ದಾರ ಹಿಡಿದರೆ ಐದಡಿ ಬರಬೇಕು ಅಂದರು. “ಏಳಡಿ ಬಂದರೆ?” ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು. “ಏಳು ಬಂದರೆ ಮೂಲೆಯೇ ಇಲ್ಲವಲ್ಲ ಮಾಷ್ಟ್ರೆ, ಗೋಡೆ ನೆಟ್ಟಗೆ ಹೋಯ್ತು.” 9 + 16ರ ವರ್ಗಮೂಲ 5, 3 + 4 ಆದ 7 ಅಲ್ಲ. ಏಳು ಆಗಬೇಕಿದ್ದರೆ ಎರಡು ಗೋಡೆಗಳೂ ಒಂದೇ ಗೆರೆಯಲ್ಲಿ ಮಲಗಬೇಕು. ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತು ಕೇಳುತ್ತಿದ್ದಳು, ಏನೂ ಹೇಳಲಿಲ್ಲ.

ಮೊನ್ನೆ ಅವಳ ನೋಟ್ಸು ತಿದ್ದುತ್ತಿದ್ದೆ. ಒಂದು ಕಡೆ (ಅ^2 + 16)^(1/2) = ಅ + 4 ಅಂತ ಬರೆದು, ತಾನೇ ಅಡ್ಡಗೆರೆ ಎಳೆದಿದ್ದಾಳೆ. ಮಾರ್ಜಿನ್‌ನಲ್ಲಿ ಪೆನ್ಸಿಲಿನಿಂದ ಒಂದು ಗೋಡೆಯ ಮೂಲೆ, ಓರೆಗೆ ಒಂದು ದಾರ. ಪಕ್ಕದಲ್ಲಿ ‘ಮೂಲೆ ಎಲ್ಲಿ?’ ಅಂತ ಬರೆದುಕೊಂಡಿದ್ದಾಳೆ.